ಪಟೇಲರು ಸಾಯುವ ದೃಶ್ಯ

ದುರಂತ ನಾಟಕದ ಅರ್ಥವೆಲ್ಲ ಸಾವಿನ ದೃಶ್ಯದಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ನಂಬಿದವನು ನಾನು. ಆದರೆ ನಮ್ಮ ತಂಡದಲ್ಲಿ ಯಾರಾದರೂ ಸಾಯಲು ಹೊರಟರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ಹಗಲು ಬ್ಯಾಂಕು, ಸಂಜೆ ನಾಟಕ. ಬಸವೇಶ್ವರನಗರದಲ್ಲಿ ನನ್ನ ಬದುಕು ಇಷ್ಟೇ. ನಾನು ಬರೆದ ನಾಟಕವೂ ಒಂದೇ. ತಮ್ಮನ ಮನೆಯ ನೀರು ಮುಟ್ಟುವುದಿಲ್ಲ ಎಂದು ಹಠ ಹಿಡಿದ ಪಟೇಲರು, ಕೊನೆಗೆ ಆ ತಮ್ಮನೇ ಚೊಂಬು ತಂದು ಬಾಯಿಗಿಟ್ಟರೂ ಮುಖ ತಿರುಗಿಸಿ, ಬಾಯಾರಿ ಸಾಯುತ್ತಾರೆ. ಹಠ ಮನುಷ್ಯನನ್ನು ಉಳಿಸುವುದಿಲ್ಲ ಎಂಬುದು ತಾತ್ಪರ್ಯ. ನೋಡುವವರಲ್ಲಿ ಒಬ್ಬರಿಗಾದರೂ ಅದು ನಾಟಬೇಕು ಎನ್ನುವುದು ನನ್ನ ಆಸೆ.

ಮಹಡಿ ಮೇಲಿರುವ ಸ್ವಂತ ಅಣ್ಣನ ಜೊತೆ ನಾನು ಮೂರು ವರ್ಷದಿಂದ ಮಾತು ಬಿಟ್ಟಿದ್ದೆ, ಆ ವಿಷಯ ಬೇರೆ. ನಾನು ಮೋಟರ್ ಆಫ್ ಮಾಡುವುದನ್ನು ಮರೆತು, ಟ್ಯಾಂಕ್ ತುಂಬಿ ಹರಿದು, ತಾರಸಿಯಲ್ಲಿ ಅತ್ತಿಗೆ ಒಣಹಾಕಿದ್ದ ಸಂಡಿಗೆಯೆಲ್ಲ ಗಂಜಿಯಾಗಿತ್ತು. ಅಣ್ಣ ಬೈದ. ತಪ್ಪು ನನ್ನದು, ಹಾಗಾಗಿ ಮಾತು ಬಿಟ್ಟವನೂ ನಾನೇ.

೧. ಎದ್ದು ಕೂತ ಪಟೇಲರು

ಮೊದಲ ಪ್ರದರ್ಶನ ರಾಜಾಜಿನಗರದಲ್ಲಿ. ಪಟೇಲರ ಪಾತ್ರ ಒಬ್ಬ ಡ್ರಿಲ್ ಮೇಷ್ಟ್ರದ್ದು. ಆಟಕ್ಕೆ ಮುಂಚೆ ಅವರ ತಾಯಿ ಬಣ್ಣದ ಕೋಣೆಗೇ ಬಂದರು.

“ನನ್ನ ಮಗನ್ನ ಹೆಣದ ಥರ ಮಲಗಿಸಿ ಹಾಗೇ ಪರದೆ ಹಾಕಿಬಿಡ್ತೀರಾ? ಅಪಶಕುನ! ಪರದೆ ಬೀಳೋ ಮುಂಚೆ ಎದ್ದು ಕೂತ್ಕೋಬೇಕು.”

“ಅಮ್ಮಾ, ಸತ್ತವರು ಹೇಗೆ ಏಳ್ತಾರೆ?”

“ಹಂಗಾದ್ರೆ ಸಾಯೋದೇ ಬೇಡ. ನಡಿಯೋ ಮನೆಗೆ.”

ಮೇಷ್ಟ್ರು ಅಂಟಿಸಿದ್ದ ಮೀಸೆ ಕೀಳತೊಡಗಿದರು. ನಾನು ಒಪ್ಪಿಕೊಂಡೆ. ಅಂದು ಪಟೇಲರು ಸತ್ತರು, ತಮ್ಮ ಗೋಳಾಡಿದ, ಪಟೇಲರು ಎದ್ದು ಕೂತು ಮುಂದಿನ ಸಾಲಿಗೆ ಕೈಮುಗಿದರು, ಪರದೆ ಬಿತ್ತು. ನಾನು ಹಿಂಬಾಗಿಲಿಂದ ಜಾರಿಕೊಳ್ಳುವಾಗ ಕಾಲೇಜಿನ ಲೆಕ್ಚರರ್ ಒಬ್ಬರು ಕೈ ಹಿಡಿದು ಕುಲುಕಿದರು.

“ಆತ್ಮ ದೇಹ ಬಿಟ್ಟು ಏಳೋದನ್ನ ತೋರಿಸಿದ್ರಲ್ಲ ಸಾರ್, ನಾಟಕದ ಅರ್ಥ ಎಲ್ಲಾ ಅಲ್ಲೇ ಇದೆ!”

೨. ಹಬ್ಬದ ದಿನ ಸಾವು ಬೇಡ

ನಂದಿನಿ ಲೇಔಟಿನ ಒಂದು ಸಂಘ ರಾಜ್ಯೋತ್ಸವಕ್ಕೆ ಕರೆಯಿತು. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು.

“ಹಬ್ಬದ ದಿನ ಸ್ಟೇಜ್ ಮೇಲೆ ಸಾವು ಬೇಡ ಸಾರ್. ಸೀರಿಯಸ್ ಮಾಡಿ ಬಿಟ್ಬಿಡಿ, ಸಾಕು.”

ಎಷ್ಟು ಹೇಳಿದರೂ ಜಗ್ಗಲಿಲ್ಲ. ಪಟೇಲರಿಗೆ ಪ್ರಜ್ಞೆ ತಪ್ಪಿಸಿ ಪರದೆ ಎಳೆದೆವು. ಜನ ಕದಲಲೇ ಇಲ್ಲ. ನಾಟಕ ಮುಗಿಯಿತು ಎಂದು ಮೈಕಿನಲ್ಲಿ ಎರಡು ಸಲ ಹೇಳಬೇಕಾಯಿತು. ಸಾಮಾನು ಕಟ್ಟುತ್ತಿದ್ದಾಗ ಆಂಟಿಯೊಬ್ಬರು ಮೆಲ್ಲಗೆ ಒಳಗೆ ಬಂದರು.

“ಪಟೇಲರಿಗೆ ಈಗ ಹೇಗಿದೆ?”

“ಹೇಳೋಕಾಗಲ್ಲ ಮೇಡಂ,” ಎಂದೆ, ಸಿಟ್ಟಿನಲ್ಲೇ.

“ನಮ್ಮ ರೋಡಲ್ಲೇ ಒಳ್ಳೇ ಡಾಕ್ಟ್ರು ಇದಾರೆ. ನಂಬರ್ ಕೊಡ್ಲಾ?”

೩. ಬಾಟಲಿ ನೀರು

ಮೂರನೆಯದು ಕೆಂಗೇರಿಯಲ್ಲಿ. ಮೇಷ್ಟ್ರಿಗೆ ಜ್ವರ ಬಂದು ಪಟೇಲರ ಪಾತ್ರ ನನ್ನ ತಲೆಗೆ ಬಿತ್ತು. ಈ ಸಲ ಯಾರ ಅಪ್ಪಣೆಯೂ ಬೇಕಿಲ್ಲ, ಮನಸಾರೆ ಸಾಯಬಹುದು ಎಂದು ಖುಷಿಯಾಯಿತು. ಪರದೆ ಸರಿದಾಗ ನೋಡಿದರೆ ಮೂರನೇ ಸಾಲಿನಲ್ಲಿ ಅಣ್ಣ, ಅತ್ತಿಗೆ. ಯಾರು ಕರೆದಿದ್ದರೋ!

ಕೊನೆಯ ದೃಶ್ಯದಲ್ಲಿ ಚಾಪೆ ಮೇಲೆ ಬಿದ್ದೆ. ಚಾಪೆಯಲ್ಲಿ ವರ್ಷಗಳ ಧೂಳಿತ್ತು. ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬಂತು. ನಾಟಕದ ತಮ್ಮ ಚೊಂಬು ಹಿಡಿದು ಹೆಜ್ಜೆ ಇಡುವಷ್ಟರಲ್ಲಿ ನನ್ನ ಅಣ್ಣ ಎದ್ದು, ಮೆಟ್ಟಿಲು ಹತ್ತಿ, ತನ್ನ ನೀರಿನ ಬಾಟಲಿ ತೆರೆದು ನನ್ನ ಬಾಯಿಗೆ ಹಿಡಿದಿದ್ದ.

“ಕುಡಿಯೋ. ಮೊದಲು ಕುಡಿ.”

ಮೂರು ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು. ಆದರೆ ಪಟೇಲರು ನೀರು ಕುಡಿದರೆ ನನ್ನ ನಾಟಕ ಏನಾಗಬೇಕು? ಮುಖ ತಿರುಗಿಸಿದೆ. ಸತ್ತೆ. ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಅಣ್ಣ ಬಾಟಲಿ ಮುಚ್ಚಳ ಹಾಕಿಕೊಂಡು ಸುಮ್ಮನೆ ಕೆಳಗಿಳಿದು ಹೋದದ್ದು ಅರೆಗಣ್ಣಿನಲ್ಲಿ ಕಂಡಿತು. ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು. ಎದ್ದು ಕೂಗೋಣವೆಂದರೆ ನಾನು ಸತ್ತಿದ್ದೆ.

ನಿವೃತ್ತ ಅಧಿಕಾರಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ ಬಂದರು. “ಇವತ್ತು ಅರ್ಥ ಆಯ್ತು ಸಾರ್, ಹಠ ಅಂದ್ರೇನು ಅಂತ. ಆ ಬಾಟಲ್ ತಂದವರ ಆಕ್ಟಿಂಗ್ ಅಂತೂ ಸೂಪರ್. ನಿಜವಾಗ್ಲೂ ಮನಸ್ಸಿಗೆ ನೋವಾದವರ ಹಾಗೇ ಇಳಿದು ಹೋದ್ರು!”

ಮರುದಿನ ಬೆಳಿಗ್ಗೆ ಹಲ್ಲುಜ್ಜಿದವನೇ ಮಹಡಿ ಹತ್ತಿದೆ. ಅಣ್ಣ ಪೇಪರ್ ಓದುತ್ತಿದ್ದ. “ಅಣ್ಣಾ, ನಿನ್ನೆಯದು ನಾಟಕ ಕಣೋ. ಸಂಡಿಗೆ ವಿಷಯದಲ್ಲೂ ತಪ್ಪು ನಂದೇ,” ಎಂದೆ. ಅಷ್ಟು ಹೇಳುವುದರೊಳಗೆ ಬೆವತುಹೋಗಿದ್ದೆ. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತಿಗೆ ಮಾತ್ರ ನಗುತ್ತ ಒಂದು ಲೋಟ ನೀರು ತಂದು ಮುಂದೆ ಹಿಡಿದರು.

“ಬೇಡ ಅತ್ತಿಗೆ,” ಎಂದಿತು ನನ್ನ ಬಾಯಿ, ತನ್ನ ಪಾಡಿಗೆ ತಾನೇ.

ಅಣ್ಣ ಪುಟ ತಿರುಗಿಸಿದ.

“ಲೋಟ ಅಲ್ಲೇ ಇಟ್ಟು ಬಾ ಕಣೇ. ಪಟೇಲ ಸಾಯೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು.”