ಎಂಜಿನ್ ನಂಬರಿನ ಕೊನೆಯ ಅಂಕಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ಪದಗಳೂ ಅರ್ಧಂಬರ್ಧ. ‘ನಾನು’ ಎಂದು ಬರೆಯಲು ಹೊರಟರೆ ನಾಚಿಕೆಯಿಂದ ಪೆನ್ನು ಮುಂದೆ ಹೋಗುವುದಿಲ್ಲ. ಅದಕ್ಕೆ ಈ ಕಥೆಯಲ್ಲಿ ನನ್ನನ್ನು ಮಗಳು ಎಂದೇ ಕರೆಯುತ್ತೇನೆ. ಹಾಗೆ ಕರೆದರೆ ಬೈಗುಳವೂ ಸ್ವಲ್ಪ ದೂರದಲ್ಲಿ ಬಿದ್ದಂತೆ ಅನ್ನಿಸುತ್ತದೆ.

ಮನೆಯ ಪಕ್ಕದ ಶೆಡ್ಡಿನಲ್ಲಿ ಅಜ್ಜನ ಕಾಲದ ಕಾರೊಂದು ವಿರಾಜಮಾನವಾಗಿತ್ತು. ಅಪ್ಪನ ಪಾಲಿಗೆ ಅದು ವಂಶದ ಕೀರ್ತಿಪತಾಕೆ, ಅಮ್ಮನ ಪಾಲಿಗೆ ತಗಡು. ಅಮ್ಮ ಬಟ್ಟೆ ಹೊಲಿಯುವವಳು. ಜಾಗವಿಲ್ಲದೆ ಅವಳ ಮಿಷನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿತ್ತು. ತಟ್ಟೆಯಲ್ಲಿ ದಾರ ಸಿಕ್ಕರೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಳೆದು ಪಕ್ಕಕ್ಕಿಟ್ಟು ಉಣ್ಣುತ್ತಿದ್ದರು. (ಒಮ್ಮೆ ಅಪ್ಪನಿಗೆ ಗುಂಡಿ ಸಿಕ್ಕಿತ್ತು. ಅದು ಅವರ ಅಂಗಿಗೆ ಹೊಂದಿಕೆಯಾದ್ದರಿಂದ ಜಗಳವಾಗಲಿಲ್ಲ.)

ಕೊನೆಗೊಂದು ಒಪ್ಪಂದವಾಯಿತು. ಕಾರಿನ ನೋಂದಣಿಯ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಅಪ್ಪ ಸಾರಿಗೆ ಕಚೇರಿಗೆ ಅಲೆದು ಅಲೆದು, ಇನ್ಸ್‌ಪೆಕ್ಟರ್ ಮನೆಗೇ ಬಂದು ಕಾರು ನೋಡುವಂತೆ ಮಾಡಿದ್ದರು. ಎಂಜಿನ್ನಿನ ಮೇಲಿನ ನಂಬರು ನೋಂದಣಿ ಪುಸ್ತಕದ ನಂಬರಿಗೆ ತಾಳೆಯಾದರೆ ಕಾರು ಉಳಿಯುತ್ತದೆ. ಆಗದಿದ್ದರೆ ಗುಜರಿಯವನು ಎಳೆದುಕೊಂಡು ಹೋಗುತ್ತಾನೆ, ಶೆಡ್ಡು ಅಮ್ಮನ ಹೊಲಿಗೆ ಅಂಗಡಿಯಾಗುತ್ತದೆ.

ಇನ್ಸ್‌ಪೆಕ್ಟರ್ ಸಂಜೆ ಬರುವವರಿದ್ದ ದಿನ ಅಪ್ಪ ಬೆಳಿಗ್ಗೆಯೇ ಬಾನೆಟ್ ಎತ್ತಿ ಟಾರ್ಚ್ ಹಿಡಿದು ಒಳಗೆ ತಲೆ ತೂರಿಸಿದರು. ಸ್ವಲ್ಪ ಹೊತ್ತಿಗೆ ವಿಜಯಘೋಷ ಕೇಳಿತು.

“ಸಿಕ್ತು! ಇಷ್ಟು ದಪ್ಪ ಅಂಕಿ!”

ಆದರೆ ಪುಸ್ತಕದ ನಂಬರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಮ್ಮ ಆಗಲೇ ಟೇಪು ಹಿಡಿದು ಶೆಡ್ಡಿನ ಅಗಲ ಅಳೆಯತೊಡಗಿದಳು. ಗ್ಯಾರೇಜು ನಡೆಸುವ ಸೋದರಮಾವನಿಗೆ ಅಪ್ಪ ಗಾಬರಿಯಿಂದ ಫೋನ್ ಮಾಡಿದರು.

“ಅಂಕಿ ಉಬ್ಬಿದೆಯಾ, ತಗ್ಗಿದೆಯಾ ಭಾವ?”

“ಉಬ್ಬಿದೆ.”

“ಹಾಗಾದ್ರೆ ಅದು ಎರಕದ ಅಚ್ಚಿನ ನಂಬರು. ಅಂಥದ್ದು ಎಲ್ಲಾ ಎಂಜಿನ್ನಿಗೂ ಇರುತ್ತೆ. ಇನ್ನೂ ಕೆಳಗೆ, ಪಕ್ಕದಲ್ಲಿ ಒಂದು ಚಪ್ಪಟೆ ಜಾಗ ಇದೆ. ಅಲ್ಲಿ ಒತ್ತಿ ಹೊಡೆದಿರ್ತಾರೆ, ನೋಡಿ.”

ಆ ಪಕ್ಕಕ್ಕೆ ಅಪ್ಪನ ಕೈ ಹೋಗಲಿಲ್ಲ. ಹೊಟ್ಟೆ ಅಡ್ಡ ಬಂತು. ಆದ್ದರಿಂದ ಮಗಳನ್ನು ಕರೆದರು. ಅವಳ ಕೈ ತೆಳ್ಳಗೆ, ಕೆಲಸ ಅಚ್ಚುಕಟ್ಟು. ಅಮ್ಮನಿಗೆ ಗುಂಡಿಯ ಕಾಜಾ ಹೊಲಿದುಕೊಡುವಾಗ ಒಂದು ಹೊಲಿಗೆ ಓರೆಯಾದರೂ ಇಡೀ ಕಾಜಾ ಬಿಚ್ಚಿ ಮತ್ತೆ ಹೊಲಿಯುವವಳು. ಅವಳು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿದಳು. ಕಂಡಿತು ಚಪ್ಪಟೆ ಜಾಗ! ತುಕ್ಕಿನ ನಡುವೆ ಅಂಕಿಗಳ ಸಾಲು! ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ಇದ್ದವು, ಕೊನೆಯದೊಂದನ್ನು ಬಿಟ್ಟು. ಪುಸ್ತಕದಲ್ಲಿ ಅದು ಮೂರು, ಇಲ್ಲಿ ತುಕ್ಕು ಮೆತ್ತಿ ಸ್ಪಷ್ಟವಿರಲಿಲ್ಲ.

ಅಪ್ಪ ಪುಟ್ಟ ಕನ್ನಡಿ ಹಿಡಿದು ಬಗ್ಗಿ ನೋಡಿದರು. “ಮೂರು! ಅನುಮಾನವೇ ಇಲ್ಲ.”

ಅಮ್ಮನೂ ಬಗ್ಗಿದಳು. “ಎಂಟು. ಎರಡು ಸೊನ್ನೆ ಒಂದರ ಮೇಲೊಂದು ಕೂತ ಹಾಗೆ ಕಾಣ್ತಿದೆ.”

“ಎಡಗಡೆ ಇರೋದು ತುಕ್ಕು ಕಣೇ!”

“ಮೂರಾಗಬೇಕಾದಾಗ ತುಕ್ಕು, ಅಲ್ವಾ? ಕನ್ನಡಕದ ಅಂಗಡಿ ಇಟ್ಟಿದ್ದೀರಿ, ಊರಿನವರ ಕಣ್ಣೆಲ್ಲಾ ಸರಿಮಾಡ್ತೀರಿ. ನಿಮ್ಮ ಕಣ್ಣಿಗೆ ಯಾರ್ರೀ ಗತಿ?”

“ನೀನು ಒಂದು ಕಣ್ಣು ಮುಚ್ಚಿಕೊಂಡು ಓದು, ನೋಡೋಣ.”

“ಮದುವೆಗೆ ಒಪ್ಪಿದಾಗ ಎರಡೂ ಮುಚ್ಚಿಕೊಂಡಿದ್ದೆ. ಅಷ್ಟು ಸಾಕು.”

ಇಬ್ಬರೂ ಒಟ್ಟಿಗೇ ಮಗಳ ಕಡೆ ತಿರುಗಿದರು. “ನೀನು ಹೇಳೇ, ಮೂರಾ ಎಂಟಾ?”

ಅವಳು ಬಟ್ಟೆಯನ್ನು ಮತ್ತೆ ಸೀಮೆಎಣ್ಣೆಯಲ್ಲಿ ಅದ್ದಿದಳು. ಮೂರು ಎಂದರೆ ಅಮ್ಮನಿಗೆ ಅಂಗಡಿಯಿಲ್ಲ, ಎಂಟು ಎಂದರೆ ಅಪ್ಪನಿಗೆ ಕಾರಿಲ್ಲ. “ಇನ್ನೂ ಸ್ವಲ್ಪ ಶುಚಿ ಮಾಡಿ ಹೇಳ್ತೀನಿ,” ಎಂದಳು. ಅವರು ಜಗಳವನ್ನು ಹೊತ್ತುಕೊಂಡೇ ಊಟಕ್ಕೆ ಹೋದರು.

ಮಗಳು ಉಪ್ಪುಕಾಗದ ತಂದು ಉಜ್ಜಿದಳು. ತುಕ್ಕು ಉದುರಿತು. ಒಮ್ಮೆ ಮೂರಿನಂತೆ, ಒಮ್ಮೆ ಎಂಟಿನಂತೆ ಕಂಡಿತು. ಇನ್ನೂ ಕೊಂಚ ಉಜ್ಜಿದಳು. ಈಗ ಆ ಅಂಕಿಯ ಜಾಗ ಮಾತ್ರ ಹೊಳೆದು, ಪಕ್ಕದವು ಮಂಕಾಗಿ ಕಂಡವು. ಕೆಲಸ ಎಂದ ಮೇಲೆ ಒಂದೇ ಸಮ ಇರಬೇಡವೇ? ಸಾಲಿನ ಉದ್ದಕ್ಕೂ ಉಜ್ಜಿದಳು. ಅಲ್ಲಲ್ಲಿ ತಗ್ಗು ಉಳಿದಂತೆ ಅನ್ನಿಸಿ, ಅಪ್ಪನ ಸಣ್ಣ ಅರ ತಂದು ಬೆರಳಿಗೆ ಏನೂ ತಾಗದಂತಾಗುವವರೆಗೆ ನವಿರಾಗಿ ಹದಮಾಡಿದಳು. ಪಾತ್ರೆ ಉಜ್ಜಿ ರೂಢಿಯಾದವಳು. ಉಜ್ಜಿದಷ್ಟೂ ಚೆನ್ನ ಎಂದೇ ನಂಬಿದ್ದಳು. ಆ ತಗ್ಗುಗಳೇ ಅಂಕಿಗಳು ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಜಾಗವೇ ಹೊಳೆಯುತ್ತಿತ್ತು. ಕನ್ನಡಿಯಲ್ಲಿ ಬಗ್ಗಿ ನೋಡಿದರೆ ಮೂರೂ ಇಲ್ಲ, ಎಂಟೂ ಇಲ್ಲ. ಅವಳದೇ ಮೂಗು ಕಾಣುತ್ತಿತ್ತು.

ಹೇಳಿಬಿಡೋಣ ಎಂದು ಓಡಿದಳು. ಅಷ್ಟರಲ್ಲಿ ಸಂಜೆಯಾಗಿ, ಇನ್ಸ್‌ಪೆಕ್ಟರ್ ಒಳಗೆ ಬಂದಾಗಿತ್ತು.

ಅವರು ಬಗ್ಗಿ ನೋಡಿ, ನಿಧಾನವಾಗಿ ಎದ್ದು, ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ನಂಬರ್ ತೇಯ್ದು ಹಾಕಿದ್ದೀರಿ. ಈ ಕೆಲಸ ಯಾರು ಮಾಡ್ತಾರೆ ಗೊತ್ತಾ? ಕಾರು ಕದ್ದವರು.”

ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಕಳ್ಳ ಅಂದ್ರಾ? ನನ್ನ ಗಂಡ ಒಂದು ಸ್ಕ್ರೂ ಕಳಚಿದ್ರೆ ಮತ್ತೆ ಹಾಕೋಕೆ ಬರಲ್ಲ, ಕಾರು ಕದೀತಾರಾ? ಕೊನೇ ಅಂಕಿ ಮೂರು! ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದ್ದೀನಿ.”

ಅಪ್ಪನಿಗೆ ಗಾಬರಿಯಲ್ಲಿ ಸತ್ಯ ಹೇಳುವ ಹುಮ್ಮಸ್ಸು ಬಂತು. “ಇಲ್ಲ ಸರ್, ಎಂಟೂ ಇರಬಹುದು.”

“ಸುಮ್ನಿರ್ರೀ!”

ಇನ್ಸ್‌ಪೆಕ್ಟರ್ ಕೈ ಎತ್ತಿದರು. “ಉಜ್ಜಿದ್ದು ಯಾರು?”

ಮಗಳು ಬಾಯಿ ತೆರೆದಳು. ಮಾತು ಬರಲಿಲ್ಲ. ಕಪ್ಪಾದ ಕೈಗಳನ್ನು ಮುಂದೆ ಚಾಚಿದಳು. ಕೈಯಲ್ಲಿ ಅರ ಇನ್ನೂ ಹಾಗೇ ಇತ್ತು.

ಅವರು ಅವಳನ್ನು ನೋಡಿದರು, ಮತ್ತೊಮ್ಮೆ ಬಗ್ಗಿ ಎಂಜಿನ್ ನೋಡಿದರು. “ಕಳ್ಳರು ಇಷ್ಟು ನೀಟಾಗಿ ಮಾಡಲ್ಲ ಬಿಡಿ,” ಎಂದರು. ಆದರೂ ಕಾನೂನು ಕಾನೂನೇ. ಉಜ್ಜಿದವಳು ಕಚೇರಿಗೆ ಬಂದು, ದೊಡ್ಡ ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಬೇಕು. ತೀರ್ಮಾನವಾಗುವ ತನಕ ಕಾರು ಶೆಡ್ಡಿನಿಂದ ಕದಲಬಾರದು, ಓಡಿಸಲೂಬಾರದು, ಮಾರಲೂಬಾರದು.

ಗುಜರಿಯವನು ವಿಷಯ ಕೇಳಿ, ನಂಬರಿಲ್ಲದ ಕಾರು ತನಗೆ ಪುಕ್ಕಟೆ ಕೊಟ್ಟರೂ ಬೇಡ ಎಂದ. ಅಪ್ಪ ಸ್ಟೀರಿಂಗ್ ಹಿಡಿದು ಶೆಡ್ಡಿನಲ್ಲೇ ಕೂತರು. ಅಮ್ಮ ಹಿಂದಿನ ಸೀಟಿನ ಮೇಲೆ ಹೊಲಿಯಬೇಕಾದ ಬಟ್ಟೆಗಳನ್ನು ಪೇರಿಸಿದಳು. “ಹೇಗೂ ಎಲ್ಲಿಗೂ ಹೋಗಲ್ಲವಲ್ಲ,” ಎಂದಳು. ಅಪ್ಪ ಜಾಗ ಬಿಡಲು ತಮ್ಮ ಸೀಟನ್ನು ಮುಂದೆ ಸರಿಸಿದರು. ಇಬ್ಬರಿಗೂ ಈಗ ಜಗಳವಾಡಲು ಉಳಿದಿರುವವಳು ಮಗಳೊಬ್ಬಳೇ.

ನಾಳೆ ಬೆಳಿಗ್ಗೆ ಮಗಳು ಅಪ್ಪನ ಜೊತೆ ಕಚೇರಿಗೆ ಹೋಗುತ್ತಾಳೆ. ಮಾತು ಬರದಿದ್ದರೆ ಉಜ್ಜಿ ತೋರಿಸಲು ಉಪ್ಪುಕಾಗದದ ಒಂದು ತುಂಡನ್ನೂ ತೆಗೆದುಕೊಂಡು ಹೋಗುತ್ತಾಳೆ.