ಮುಸ್ಸಂಜೆ ವಿಭಾಗದ ಮೇಲ್ವಿಚಾರಣೆಯಲ್ಲಿ ತೆಗೆದ ಫೋಟೋ

ಕ್ಯಾಸ್ಪಿಯನ್ ಸಮುದ್ರದ ದಂಡೆಯ ನಮ್ಮ ಊರಿನಲ್ಲಿ ಸೂರ್ಯ ಮುಳುಗುವುದು ನಗರಾಡಳಿತದ ಉಸ್ತುವಾರಿಯಲ್ಲಿ. ಮೊದಲು ತಾನಾಗಿಯೇ ಮುಳುಗುತ್ತಿದ್ದ. ಅದರಿಂದ ಯಾರಿಗೂ ಉದ್ಯೋಗ ದೊರೆಯುತ್ತಿರಲಿಲ್ಲ. ಈ ಲೋಪವನ್ನು ಸರಿಪಡಿಸಲು ಮುಸ್ಸಂಜೆ ವಿಭಾಗವನ್ನು ಸ್ಥಾಪಿಸಲಾಯಿತು. ಕುವಾಂದಿಕ್ ಆಗಾ ಅದರ ಮುಖ್ಯಸ್ಥರು; ಹಿರಿಯರನ್ನು ನಮ್ಮಲ್ಲಿ 'ಆಗಾ' ಎನ್ನುವುದು ರೂಢಿ. ನಾನು ಅವರ ಸಹಾಯಕ.

ಆ ದಿನ ನಾನು ಕರ್ತವ್ಯ ನಿಮಿತ್ತ ಸಮುದ್ರ ನೋಡುತ್ತ ಕುಳಿತಿದ್ದಾಗ ಮೆರುಯೆರ್ತ್ ಮತ್ತು ದಾರ್ಖಾನ್ ಬಂದರು. ಅವಳು ಶಿಶುವಿಹಾರದ ಟೀಚರು, ಅವನು ಎಣ್ಣೆಬಾವಿಯ ಕೆಲಸಗಾರ. ಬೆಳಗಾದರೆ ಅವನು ರೈಲು ಹತ್ತಬೇಕು. ಮತ್ತೆ ಬರುವುದು ಮದುವೆಗೇ. ಮಧ್ಯಾಹ್ನ ಹುಡುಗನ ತಾಯಿ ಅವಳ ಕಿವಿಗೆ ಬೆಳ್ಳಿಯ ಓಲೆ ತೊಡಿಸಿದ್ದರು, ಅಲ್ಲಿಗೆ ಸಂಬಂಧ ಗಟ್ಟಿ. ಆದರೆ ಅವಳನ್ನು ಸಾಕಿ ಬೆಳೆಸಿದ ಅಜ್ಜಿ ದೂರದ ಹಳ್ಳಿಯಲ್ಲಿ ಒಂಟೆಯಿಂದ ಒದೆಸಿಕೊಂಡು, ಕಾಲು ಮುರಿದು ಮಲಗಿದ್ದರು. ಓಲೆ ತೊಟ್ಟ ಮೊಮ್ಮಗಳನ್ನು ಅವಳ ಹುಡುಗನ ಜೊತೆ ಫೋಟೋದಲ್ಲಾದರೂ ಕಣ್ಣಾರೆ ನೋಡದೆ ಹರಸುವುದಿಲ್ಲ ಎಂದಿದ್ದರು.

ದಾರ್ಖಾನ್ ಒಂದು ಬೂಟು ಬಿಚ್ಚಿ, ಅದಕ್ಕೆ ಮರಳು ತುಂಬಿ, ಫೋನನ್ನು ಒರಗಿಸಿಟ್ಟು, ಟೈಮರ್ ಒತ್ತಿ, ಓಡಿಬಂದು ಹುಡುಗಿಯ ಪಕ್ಕ ನಿಂತ. ಕುವಾಂದಿಕ್ ಆಗಾ ಸೀಟಿ ಊದಿದರು.

"ಫೋಟೋಗ್ರಾಫರ್ ಎಲ್ಲಪ್ಪಾ?"

"ನಾವೇ ತಕ್ಕೋತಿದೀವಿ, ಆಗಾ."

"ನೀವಿಬ್ರೂ ಇಲ್ಲಿದೀರ. ಅಲ್ಲಿರೋದ್ಯಾರು?"

"ಫೋನು."

"ಅದು ಕೆಲಸಕ್ಕೆ ಯಾವಾಗ ಸೇರ್ತು?"

ನಿಯಮ ಸ್ಪಷ್ಟವಾಗಿತ್ತು: ಫೋಟೋಗ್ರಾಫರ್ ಇಲ್ಲದೆ ಯಾವುದೇ ಫೋಟೋ ಸಂಭವಿಸತಕ್ಕದ್ದಲ್ಲ. ವಿಭಾಗದ ಮಾನ್ಯತೆ ಪಡೆದವನು ಊರಿಗೆ ಒಬ್ಬನೇ ಇದ್ದ. ಆತ ಕುವಾಂದಿಕ್ ಆಗಾರ ಭಾಮೈದನಾಗಿದ್ದುದು ಕೇವಲ ಆತನ ಅಕ್ಕನ ಮದುವೆಯ ಪರಿಣಾಮ. ವಿಚಾರಿಸಲಾಗಿ, ಆತ ಪಕ್ಕದ ಊರಿನ ಔತಣದಲ್ಲಿ ಕುರಿಮಾಂಸ ತಿನ್ನುತ್ತಿದ್ದನೆಂದು ತಿಳಿದುಬಂತು.

"ನಾಳೆ ಬನ್ನಿ."

"ನಾಳೆ ಇವನಿರಲ್ಲ, ಆಗಾ," ಎಂದಳು ಮೆರುಯೆರ್ತ್. "ನೀವೇ ಒಂದು ತೆಗೆದುಬಿಡಿ."

"ನಾನು ಮೇಲ್ವಿಚಾರಕ ಕಣಮ್ಮಾ. ಗುಂಡಿ ಒತ್ತೋದು ನನ್ನ ದರ್ಜೆಗೆ ಬರಲ್ಲ."

ಅವಳು ನನ್ನತ್ತ ನೋಡಿದಳು. ನನಗಿದ್ದುದು ಸಮುದ್ರ ನೋಡುವ ಅಧಿಕಾರ ಮಾತ್ರ. ಸೂರ್ಯ ಆಗಲೇ ನೀರಿಗೆ ತಾಗಿದ್ದ.

"ಹಾಗಾದ್ರೆ ಫೋನಿಗೇ ಕೆಲಸ ಕೊಡ್ರಿ!" ಎಂದು ದಾರ್ಖಾನ್ ರೇಗಿದ.

ಕುವಾಂದಿಕ್ ಆಗಾ ಗಂಭೀರವಾಗಿ ಯೋಚಿಸಿದರು. ಟೋಪಿ ಸರಿಪಡಿಸಿಕೊಂಡು, "ಈ ಫೋನನ್ನು ಸೂರ್ಯಾಸ್ತದವರೆಗೆ ಹಂಗಾಮಿ ಫೋಟೋಗ್ರಾಫರ್ ಆಗಿ ನೇಮಿಸಲಾಗಿದೆ" ಎಂದು ಅಲೆಗಳಿಗೂ ಕೇಳುವಂತೆ ಘೋಷಿಸಿದರು. ನಾನು ಚಪ್ಪಾಳೆ ತಟ್ಟಿದೆ. ದಾರ್ಖಾನ್ ಮತ್ತೆ ಟೈಮರ್ ಒತ್ತಿ ಓಡಿಬಂದ. ಆದರೆ ಹಂಗಾಮಿ ನೌಕರನ ಮೇಲೆ ಮೇಲ್ವಿಚಾರಕರ ದೃಷ್ಟಿ ನೇರವಾಗಿ ಇರತಕ್ಕದ್ದು. ಆದ್ದರಿಂದ ಅವರು ಫೋನಿನ ಎದುರಿಗೆ ಬಂದು, ಇಬ್ಬರ ನಡುವೆ ನಿಂತರು.

"ಆಗಾ, ಒಂಚೂರು ಪಕ್ಕಕ್ಕೆ..."

"ಪಕ್ಕಕ್ಕೆ ನಿಂತ್ರೆ ಪಕ್ಷಪಾತ ಆಗತ್ತಮ್ಮಾ."

"ಭುಜನಾದ್ರೂ ಇಳಿಸಿ, ಓಲೆ ಕಾಣಲ್ಲ."

ಅಷ್ಟು ವಿನಾಯಿತಿಗೆ ಅವಕಾಶವಿತ್ತು. ಇಳಿಸಿದರು. ಮೆರುಯೆರ್ತಳಿಗೆ ಅಳು ಬರಬೇಕಾದ ಜಾಗದಲ್ಲಿ ನಗು ಬಂತು. ಅವಳನ್ನು ನೋಡಿ ದಾರ್ಖಾನನಿಗೂ ತಡೆಯಲಾಗಲಿಲ್ಲ. ಫೋನು ತನ್ನ ಕರ್ತವ್ಯ ನಿರ್ವಹಿಸಿತು: ಹಿಂದೆ ಕೆಂಪು ನೀರು, ಎರಡು ಕಡೆ ನಗು, ನಡುವೆ ಸರ್ಕಾರ.

ಅಂದೇ ಅಜ್ಜಿಗೆ ಫೋಟೋ ಕಳಿಸಿ, ಅಲ್ಲಿಂದಲೇ ಕರೆ ಮಾಡಿದರು.

"ಹುಡುಗನಿಗೆ ಸ್ವಲ್ಪ ವಯಸ್ಸಾಗಿದೆ," ಎಂದರು ಅಜ್ಜಿ. "ಇರ್ಲಿ ಬಿಡು, ಟೋಪಿ ಸರ್ಕಾರದ್ದು."

"ಅವರಲ್ಲ ಅಜ್ಜೀ! ಆ ಕಡೆ ನಗ್ತಿದಾನಲ್ಲ, ಅವನು."

"ಒಂದೇ ಕಾಲಿಗೆ ಬೂಟು ಹಾಕಿದಾನಲ್ಲ, ಅವನಾ?"

"ಹೂಂ."

ಅಜ್ಜಿ ಯಾರಿಗೋ ಕನ್ನಡಕ ತರಲು ಹೇಳಿದ್ದು ಕೇಳಿಸಿತು.

"ನಿನಗೆ ಅವನೇ ಬೇಕಾ?"

"ಅವನೇ ಬೇಕು ಅಜ್ಜೀ."

"ಹಾಗಾದ್ರೆ ಚೆನ್ನಾಗಿರಿ, ನನ್ನ ಮರಿಗಳಾ. ಆ ಟೋಪಿಯವನನ್ನೂ ಮದುವೆಗೆ ಕರೀರಿ. ಪಾಪ, ಎಷ್ಟು ಆಸೆಯಿಂದ ನಿಂತಿದಾನೆ."

ಕರೆದರು. ಕುವಾಂದಿಕ್ ಆಗಾ ಬಂದು, ಪಕ್ಷಪಾತಕ್ಕೆ ಆಸ್ಪದ ಕೊಡದೆ ಮಧ್ಯದ ಕುರ್ಚಿಯಲ್ಲೇ ಕುಳಿತು ಉಂಡರು. ಯಾರೂ ಆಕ್ಷೇಪಿಸಲಿಲ್ಲ.

ಈಗ ನಮ್ಮೂರಿನಲ್ಲಿ ನಿಶ್ಚಿತಾರ್ಥದ ಫೋಟೋದಲ್ಲಿ ಮೂವರಿರುವುದೇ ಸಂಪ್ರದಾಯ. ಆಗಾ ರಜೆ ಹಾಕಿದರೆ ಜನ ನಿಶ್ಚಿತಾರ್ಥವನ್ನೇ ಮುಂದೂಡುತ್ತಾರೆ. ಮೊನ್ನೆ ಬೇರೆ ಊರಿನ ಜೋಡಿಯೊಂದು ತನ್ನ ಫೋಟೋ ತೋರಿಸಿತು. ಅದರಲ್ಲಿ ಸಮುದ್ರವಿತ್ತು, ಸಂಜೆಯಿತ್ತು, ಅವರಿಬ್ಬರೇ ಇದ್ದರು. ನಮ್ಮವರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

"ಪಾಪ," ಎಂದಳು ಮೆರುಯೆರ್ತ್, "ಇವರಿಗೆ ಯಾರೂ ಇಲ್ವಾ?"