ಹೇಳಿದ ರೇಟಿಗೆ ತಂದ ಕಲ್ಲು

ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಫರ್ಸಿ ಕಲ್ಲಿಗೆ ನಾನು ಕೊಟ್ಟದ್ದು ನೂರಾ ಎಂಬತ್ತು ರೂಪಾಯಿ. ಶಹಾಬಾದಿನ ಅಂಗಡಿಯವನು ನೂರಾ ಎಂಬತ್ತು ಅಂದ, ನಾನು ನೂರಾ ಎಂಬತ್ತು ಎಣಿಸಿ ಕೊಟ್ಟೆ. ಇದರಲ್ಲೇನು ವಿಶೇಷ ಅನ್ನುತ್ತೀರಾ? ಹಾಗಾದರೆ ನೀವು ನನ್ನನ್ನು ನೋಡಿಲ್ಲ! ಚಿತ್ತಾಪುರದಲ್ಲಿ ಒಂದೇ ಒಂದು ಹಂಚು ಇಟ್ಟುಕೊಂಡು ರೊಟ್ಟಿ ಬಡಿಯಲು ಶುರು ಮಾಡಿ, ಇವತ್ತು ಸೇಡಂ, ವಾಡಿ, ಶಹಾಬಾದಿನ ಖಾನಾವಳಿಗಳಿಗೆಲ್ಲ ಖಡಕ್ ರೊಟ್ಟಿ ಕಳಿಸುವವಳು ನಾನು. ಜೋಳದ ವ್ಯಾಪಾರಿಗಳು ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ತಾವಾಗಿಯೇ ಎರಡು ರೂಪಾಯಿ ಇಳಿಸುತ್ತಾರೆ. ಅಂಥವಳು ಚೌಕಾಸಿ ಮಾಡದೆ ದುಡ್ಡು ಕೊಟ್ಟಾಗ ಫರ್ಸಿಯವನು ಗಾಬರಿಯಾದ.

"ಅಕ್ಕೋರೆ, ಮೈಯಾಗ ಆರಾಮ ಇಲ್ಲೇನ್ರಿ? ಮನ್ಯಾಗ ಎಲ್ಲಾರೂ ಛಲೋ ಅದಾರಲ್ಲ?"

ಪಾಪ, ತಾನೇ ಹತ್ತು ರೂಪಾಯಿ ವಾಪಸ್ ಕೊಡಲು ಬಂದ. ನಾನು ಮುಟ್ಟಲಿಲ್ಲ. ಇದಕ್ಕೆಲ್ಲ ಕಾರಣ ನನ್ನ ನಾದಿನಿ. ಈ ಭೂಮಿಯ ಮೇಲೆ ಅವಳಷ್ಟು ದುಬಾರಿ ಹೆಂಗಸು ಇನ್ನೊಬ್ಬಳಿಲ್ಲ!

ನಾದಿನಿ ಸೇಡಂನಲ್ಲಿ ಡ್ರಾಯಿಂಗ್ ಟೀಚರ್. ಚೌಕಾಸಿ ಅವಳಿಗೂ ಬರುತ್ತದೆ, ಆದರೆ ಉಲ್ಟಾ! ಒಮ್ಮೆ ಸೇಡಂ ಸಂತೆಯಲ್ಲಿ ನನ್ನ ಕಣ್ಣೆದುರಿಗೇ ಒಬ್ಬ ಮುದುಕಿಯನ್ನು ಕೇಳಿದಳು:

"ಬದನಿಕಾಯಿ ಹ್ಯಾಂಗವಾ?"

"ಮೂವತ್ತಕ್ಕ ಕಿಲೋ, ನನ್ನವ್ವ."

"ಅಯ್ಯ, ಇಷ್ಟ ಛಲೋ ಬದನಿಕಾಯಿ ಮೂವತ್ತಕ್ಕ ಹ್ಯಾಂಗ ಕೊಡ್ತಿ? ನಲವತ್ತ ತಗೋ!"

ಮುದುಕಿ ನೋಟನ್ನು ಬಿಸಿಲಿಗೆ ಹಿಡಿದು ಮೂರು ಸಲ ನೋಡಿದಳು. ಮುಂದಿನ ವಾರ ನನಗೂ ನಲವತ್ತು! ಆ ಬದನೆಕಾಯಿಯನ್ನು ಮತ್ತೆ ಮೂವತ್ತಕ್ಕೆ ಇಳಿಸಬೇಕಾದರೆ ನನಗೆ ನಾಲ್ಕು ಸಂತೆ ಬೇಕಾದವು.

ಈ ಗುಣ ಅವಳಿಗೆ ಬಂದದ್ದು ಅವಳ ತಾಯಿಯಿಂದ, ಅಂದರೆ ನನ್ನ ಅತ್ತೆಯಿಂದ. ಅತ್ತೆ ಪ್ರಾಥಮಿಕ ಶಾಲೆಯ ಮಾಸ್ತರಿಣಿ, ಜೊತೆಗೆ ಕವಿ. ಅವರು ಬರೆಯುತ್ತಿದ್ದದ್ದು ಎಲ್ಲಿ ಗೊತ್ತೇ? ಅಡುಗೆಮನೆಯ ನೆಲದ ಮೇಲೆ! ನಮ್ಮ ಕಡೆ ನೆಲವೆಲ್ಲ ಕಪ್ಪು ಫರ್ಸಿ. ಶಾಲೆಯ ಬೋರ್ಡಿಗೂ ಅದಕ್ಕೂ ಏನು ಫರಕು? ಬೇಳೆ ಕುದಿಯುವಷ್ಟರಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು, ಶಾಲೆಯಿಂದ ತಂದ ಸೀಮೆಸುಣ್ಣದ ತುಂಡಿನಿಂದ ನಾಲ್ಕು ಸಾಲು ಗೀಚುತ್ತಿದ್ದರು. ವಹಿಯಲ್ಲಿ ಬರೀರಿ ಅಂದರೆ, "ವಹಿಗಿ ಗೆದ್ದಲ ಹತ್ತತಾವ" ಅನ್ನುತ್ತಿದ್ದರು. ನೆಲಕ್ಕೆ ಏನು ಹತ್ತುತ್ತಿತ್ತು? ನಾನು! ಹದಿನಾರು ವರ್ಷ ದಿನಾ ಅಡುಗೆಮನೆ ಒರೆಸಿದವಳು ನಾನೇ. "ಒರಸವಾ, ನಾಳಿ ಮತ್ತ ಬರೀತೀನಿ" ಅನ್ನುತ್ತಿದ್ದರು. ನಾನು ಒರೆಸುತ್ತಿದ್ದೆ. ನನಗೆ ಕವಿತೆ ಓದಲು ಪುರಸತ್ತಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಅತ್ತೆ ತೀರಿಕೊಂಡು ವರ್ಷ ತುಂಬಿದ ದಿನ ನಾದಿನಿ ಹೋಳಿಗೆ ತಿನ್ನುತ್ತ ಘೋಷಿಸಿದಳು: "ಅವ್ವನ ಕವಿತಾ ಎಲ್ಲಾ ಫರ್ಸಿ ಮ್ಯಾಲ ಕೆತ್ತತೀನಿ ವೈನಿ. ಯಾರು ಒರಸ್ತಾರ ನೋಡೇ ಬಿಡತೀನಿ!"

ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಳಿಸಿದೆ. "ಯಾರು" ಅಂದಳಲ್ಲ, ಮನೆಯಲ್ಲಿ ಒರೆಸುವವಳು ಇನ್ನು ಯಾರಿದ್ದಾರೆ?

ಮರುವಾರವೇ ಶಹಾಬಾದಿನ ಒಬ್ಬ ಕಲ್ಲುಕುಟಿಗನ ಹತ್ತಿರ ಉಳಿ ಹಿಡಿಯಲು ಕಲಿಯತೊಡಗಿದಳು. ಮೊದಲ ಕಲ್ಲಿನಲ್ಲಿ ಭಕ್ತಿ ಜಾಸ್ತಿಯಾಗಿ ಉಳಿ ಆಳಕ್ಕಿಳಿಯಿತು, ಫರ್ಸಿ ಎರಡು ಹೋಳಾಯಿತು. ಅಳುತ್ತಾಳೆ ಅಂದುಕೊಂಡೆ. "ಒಂದ ಕವಿತಾ ಇತ್ತು, ಈಗ ಎರಡ ಆದ್ವು!" ಎಂದು ಚಪ್ಪಾಳೆ ತಟ್ಟಿದಳು.

ಕೆತ್ತುವುದೇನೋ ಬಂತು, ಕವಿತೆ ಬೇಕಲ್ಲ? ಎಲ್ಲ ಒರೆಸಿ ಹೋಗಿದ್ದವು. ಅವನ್ನು ಅತ್ತೆ ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಿದ್ದರು. ಹಾಗಾಗಿ ಅವರು ಕಲಿಸಿದ ಊರೂರು ಸುತ್ತಿ, ಯಾರ ಬಾಯಲ್ಲಿ ಏನು ಉಳಿದಿದೆ ಅಂತ ಹುಡುಕತೊಡಗಿದಳು. ಗುಂಡಗುರ್ತಿಯಲ್ಲಿ ಒಬ್ಬ ಅಜ್ಜ ಕಣ್ಣು ಮುಚ್ಚಿ, ಕೈಮುಗಿದು, ಅರ್ಧ ತಾಸು ರಾಗವಾಗಿ ಹಾಡಿದನಂತೆ. ಇವಳು ಕಣ್ಣೀರು ಸುರಿಸುತ್ತ ಬರೆದುಕೊಂಡು ಬಂದಳು. ನಾನು ಓದಿ ನೋಡಿದೆ.

"ತಂಗಿ, ಇದು ರೇಡಿಯೋದಾಗ ಬರತಿದ್ದ ಹಲ್ಲುಪುಡಿ ಜಾಹೀರಾತು."

"ಖರೇನಾ? ಭಾಳ ಅರ್ಥ ಅದ ಇದರಾಗ, ವೈನಿ!"

ಕಲ್ಲು ಉಳಿಯಿತು ಪುಣ್ಯಕ್ಕೆ. ನೀವೂ ನೆನಪಿಡಿ: ಯಾರಾದರೂ ಕಣ್ಣುಮುಚ್ಚಿ ಕವಿತೆ ಹೇಳಿದರೆ ಮೊದಲು ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ.

ವಾಡಿ ಸ್ಟೇಷನ್ನಿನಲ್ಲಿ ಚಹಾ ಮಾರುವವನೊಬ್ಬ ಅತ್ತೆಯ ಹತ್ತಿರ ದಂಡೋತಿ ಶಾಲೆಯಲ್ಲಿ ಓದಿದವನು. ಅವನಿಗೆ ಒಂದು ಕವಿತೆ ಬಾಯಿಪಾಠ. ಚಹಾ ಬಗ್ಗಿಸುತ್ತ ಶುರು ಮಾಡಿದನಂತೆ: "ನಮ್ಮ ಸಾಲಿಗಿ ಒಂದ್ ಆಡು ಬರತದ, ದಿನಾ ತಪ್ಪದಂಗ ಬರತದ..." ಅಷ್ಟರಲ್ಲಿ ಗಾಡಿ ಬಂತು. ಅವನು ಕೆಟಲ್ ಎತ್ತಿಕೊಂಡು ಹತ್ತಿದ. ಹಿಂದೆಯೇ ಇವಳೂ ಹತ್ತಿದಳು! ಬೋಗಿಯಿಂದ ಬೋಗಿಗೆ ಅವನು "ಚಾಯ್, ಚಾಯ್" ಅನ್ನುವುದು, ನಡುವೆ ಒಂದು ಸಾಲು ಹೇಳುವುದು. ಚಿತ್ತಾಪುರ ಬರುವ ಹೊತ್ತಿಗೆ ಕವಿತೆ ಮುಗಿಯಿತು, ಟಿಕೆಟ್ ತಪಾಸಣೆಯವರೂ ಸಿಕ್ಕರು. ನಾದಿನಿ ದಂಡ ಕಟ್ಟಿ, ರಸೀದಿಯ ಹಿಂದೆ ಕೊನೆಯ ಸಾಲು ಬರೆದುಕೊಂಡು, ಕೈಯಲ್ಲಿ ಖಾಲಿ ಕಪ್ಪು ಹಿಡಿದು ನಮ್ಮ ಮನೆಗೆ ಬಂದಳು.

"'ಅದಕ್ಕ ಮಗ್ಗಿ ಬರಂಗಿಲ್ಲ, ನಮಗೂ ಬರಂಗಿಲ್ಲ!' ಎಷ್ಟ ಛಲೋ ಅದ ನೋಡ್ರಿ ವೈನಿ!"

"ದಂಡ ಎಷ್ಟ ಕೊಟ್ಟಿ?"

"ಅವರು ಕೇಳಿದಷ್ಟ."

ಕೇಳಿದಷ್ಟು! ನಾನು ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದೆ.

ಕೆತ್ತಿದ ಕಲ್ಲುಗಳನ್ನು ಮಾರುತ್ತಾಳೆ ಅಂದುಕೊಂಡಿರಾ? ಎಲ್ಲಾ ಪುಕ್ಕಟೆ! ಅವ್ವನ ಕವಿತೆ ನೆಲದ ಮೇಲೆ ಹುಟ್ಟಿದ್ದು, ನೆಲದಲ್ಲೇ ಇರಬೇಕು ಎಂದು ಹಂಚಿದಳು. ಚಿಂಚೋಳಿಯಲ್ಲಿ ಒಂದನ್ನು ಬಸ್ಸು ನಿಲ್ಲುವಲ್ಲಿ ಬೇವಿನ ಗಿಡದ ಕೆಳಗೆ ಕೂಡಲಿಕ್ಕೆಂದು ಹಾಕಿಸಿದಳು. ಹದಿನೈದು ದಿನ ಬಿಟ್ಟು ಇಬ್ಬರೂ ನೋಡಲು ಹೋದೆವು. ಕಲ್ಲಿಗೆ ಅರಿಶಿನ, ಕುಂಕುಮ, ಎರಡು ತೆಂಗಿನಕಾಯಿ! ಒಬ್ಬ ಹೆಣ್ಣುಮಗಳು ಸೆರಗೊಡ್ಡಿ ನಿಂತಿದ್ದಳು.

"ಏನ್ ಬೇಡಕೊಂಡ್ಯವಾ?" ಅಂದೆ.

"ಮಗಳಿಗಿ ನೌಕರಿ ಸಿಗಲಂತ್ರಿ. ಭಾಳ ಜಾಗೃತ ಅದ ರೀ ಈ ಕಲ್ಲು."

ನಾನು ನಾದಿನಿಯ ಕಿವಿಯಲ್ಲಿ ಕೇಳಿದೆ: "ಯಾವ ಕವಿತಾ ಕೆತ್ತಿದ್ದಿ ಇಲ್ಲಿ?"

"ತಿಗಣಿ ಮ್ಯಾಲ ಅವ್ವ ಬರದದ್ದು."

ಹಾಸಿಗೆಯ ತಿಗಣೆಗೆ ತೆಂಗಿನಕಾಯಿ! ನಾನು ನಕ್ಕು ನಕ್ಕು ಅಲ್ಲೇ ಕೂತೆ. ಕೂತದ್ದು ಆ ಕಲ್ಲಿನ ಮೇಲೆಯೇ ಎಂದು ಆ ಹೆಣ್ಣುಮಗಳು ನನ್ನನ್ನು ಬೈದು ಎಬ್ಬಿಸಿದಳು.

ಇಷ್ಟೆಲ್ಲ ಆದರೂ ನಾದಿನಿಯ ಮುಖದಲ್ಲಿ ಒಂದು ಕೊರತೆ ಇದ್ದೇ ಇತ್ತು. ಅವಳಿಗೆ ಬೇಕಾದದ್ದು ಕೊನೆಯ ಕವಿತೆ. ತೀರಿಕೊಂಡ ದಿನ ಮುಂಜಾನೆ ಅತ್ತೆ ಅದನ್ನು ಅಡುಗೆಮನೆಯಲ್ಲಿ ಬರೆದಿದ್ದರು. ಮಧ್ಯಾಹ್ನ ಎದೆನೋವು ಬಂದು ಕಲಬುರಗಿಗೆ ಕರೆದೊಯ್ದೆವು, ಸಂಜೆ ಅವರನ್ನು ಹೊತ್ತು ತಂದೆವು. ಬಂದಾಗಲೆಲ್ಲ ನಾದಿನಿಯ ಅದೇ ಪ್ರಶ್ನೆ:

"ಅವತ್ತ ಅವ್ವ ಏನ್ ಬರದಿದ್ಳು, ವೈನಿ?"

"ನಾ ಓದಿಲ್ಲ. ಒರಸೀನಿ."

ಅವಳು ಬಿಟ್ಟಾಳೆಯೇ? ಒಂದು ದಿನ ಬ್ಯಾಟರಿ ಹಿಡಿದು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಇಡೀ ಅಡುಗೆಮನೆ ತೆವಳಿದಳು. ಅಕ್ಷರದ ಗೆರೆ ಎದ್ದು ಕಾಣುತ್ತದೆಂದು ನನ್ನ ಎರಡು ಸೇರು ಜೋಳದ ಹಿಟ್ಟು ನೆಲಕ್ಕೆ ಉದುರಿಸಿದಳು! ಕೊನೆಗೆ ಮೂಲೆಯ ಹಿಟ್ಟಿನ ಡ್ರಮ್ಮಿನ ಹತ್ತಿರ ಬಂದು, "ಇದನ್ನ ಜರಾ ಸರಸೂಣೇನ್ರಿ?" ಅಂದಳು.

"ಒಂದು ಕ್ವಿಂಟಲ್ ಹಿಟ್ಟ ಅದ ಅದರಾಗ. ನಿನ್ನ ಸೊಂಟ ಮುರದ್ರ ನಿಮ್ಮಣ್ಣಗ ಯಾರು ಉತ್ತರ ಕೊಡಬೇಕು? ಸುಮ್ಮ ಏಳು!"

ಹೋದ ತಿಂಗಳು ಮತ್ತೆ ಬಂದಳು, ಆಟೋದಲ್ಲಿ ಒಂದು ಫರ್ಸಿ ಹೇರಿಕೊಂಡು. ನುಣ್ಣಗೆ ಉಜ್ಜಿದ ಕಲ್ಲು, ಒಂದಕ್ಷರವೂ ಇಲ್ಲ.

"ಏನ್, ಬರೀಲಿಕ್ಕ ಮರತಿ?"

"ಇಲ್ಲ ವೈನಿ. ಇದು ಒರಸಿ ಹೋದವಕ್ಕ. ನಿಮ್ಮ ಅಡಗಿಮನಿ ಹೊಸ್ತಿಲದಾಗ ಹಾಕಸ್ರಿ." ಸ್ವಲ್ಪ ತಡೆದು ಅಂದಳು, "ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಅವ್ವನೇ ಹೇಳತಿದ್ಳು, ನಮ್ಮ ಸೊಸಿ ಒರಸದಿದ್ರ ನಾ ನಾಳಿ ಎಲ್ಲಿ ಬರೀಲಿ ಅಂತ. ಇನ್ನ ಕೇಳಂಗಿಲ್ಲ ಬಿಡ್ರಿ."

ಎಂಥೆಂಥ ವ್ಯಾಪಾರಿಗಳನ್ನು ನೋಡಿದ್ದೇನೆ! ಕೂಗುವವರು, ಅಳುವವರು, ಆಣೆ ಇಡುವವರು. ಕೇಳುವುದನ್ನೇ ನಿಲ್ಲಿಸಿದವರ ಮುಂದೆ ಏನು ಮಾಡಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಮೂಲೆಯ ಡ್ರಮ್ಮಿನ ಹಿಟ್ಟನ್ನು ಚೀಲಗಳಿಗೆ ತುಂಬತೊಡಗಿದೆ. ಡ್ರಮ್ಮು ಖಾಲಿಯಾಯಿತು. "ಆ ಕಡೆ ಹಿಡಿ. ಜಗ್ಗಬ್ಯಾಡ, ಎತ್ತು" ಅಂದೆ.

ಹೆಣ ಎತ್ತಿದ ಮೇಲೆ ಮನೆ ತೊಳೆಯಬೇಕಲ್ಲ? ಅತ್ತೆಯನ್ನು ಒಯ್ದ ದಿನ ಹೆಂಗಸರೆಲ್ಲ ಕೊಡಗಟ್ಟಲೆ ನೀರು ಸುರಿಯುತ್ತ ಬರುತ್ತಿದ್ದರು. ನಾನು ಅಡುಗೆಮನೆಗೆ ಓಡಿ, ಅತ್ತೆ ಬರೆದದ್ದರ ಮೇಲೆ ಖಾಲಿ ಡ್ರಮ್ಮು ಬೋರಲು ಹಾಕಿ, ಸುತ್ತ ನನ್ನ ಹಳೆಯ ಸೀರೆಯಿಂದ ಒಡ್ಡು ಕಟ್ಟಿ ಕಾವಲು ನಿಂತಿದ್ದೆ. ನೆಲ ಒಣಗಿದ ಮೇಲೆ ಡ್ರಮ್ಮನ್ನು ನೆಟ್ಟಗೆ ಮಾಡಿ, ಅದೇ ಜಾಗದಲ್ಲಿಟ್ಟು ಹಿಟ್ಟು ತುಂಬಿದೆ. ಡ್ರಮ್ಮಿನ ತಳ ಅಂಚಿನ ಮೇಲೆ ನಿಲ್ಲುತ್ತದೆ, ನಡುವೆ ನೆಲಕ್ಕೆ ತಾಗುವುದಿಲ್ಲ. ಅದಕ್ಕೇ ಅಕ್ಷರ ಉಳಿದಿದ್ದವು.

ನಾದಿನಿ ಮೊಣಕಾಲೂರಿ ಗಟ್ಟಿಯಾಗಿ ಓದಿದಳು:

"ನಾ ಬರೀತೀನಿ, ಸೊಸಿ ಒರಸ್ತಾಳ,
ನೆಲಕ್ಕ ಇಬ್ಬರೂ ಬೇಕು.
ಒರಸೋ ಮೊದಲ ಒಂದ್ ಗಳಿಗಿ ನಿಲ್ತಾಳ,
ನನಗ ಅಷ್ಟ ಸಾಕು."

ಹದಿನಾರು ವರ್ಷ, ಯಾರೂ ನೋಡುತ್ತಿಲ್ಲ ಅಂದುಕೊಂಡು ದಿನಾ ಓದಿಯೇ ಒರೆಸಿದ್ದೆ. ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ ನೋಡಿದ್ದರು! ಸಿಕ್ಕಿಬಿದ್ದ ನಾಚಿಕೆಗೆ ಮುಚ್ಚಿಟ್ಟೆನೋ, ನನಗೊಬ್ಬಳಿಗೇ ಇರಲಿ ಎಂಬ ಆಸೆಗೋ, ಈಗಲೂ ಹೇಳಲಾರೆ. ನಾದಿನಿ ಬೈಯಲಿಲ್ಲ. ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆ ಒರೆಸಿದಳು, ಇಬ್ಬರ ಮುಖವೂ ರೊಟ್ಟಿಯಾಯಿತು.

"ಈ ಕಲ್ಲಿನ ಮ್ಯಾಲೇ ಕೆತ್ತತೀನಿ" ಅಂದಳು.

"ಬ್ಯಾಡ, ಇದು ಖಾಲಿನೇ ಇರಲಿ. ಈ ಕವಿತಾದ ಕಲ್ಲು ನಾ ತರ್ತೀನಿ" ಅಂದೆ. ಮರುದಿನ ಶಹಾಬಾದಿಗೆ ಹೋಗಿ ತಂದೆ. ರೇಟು ಮೊದಲೇ ಹೇಳಿದ್ದೇನೆ.

ಈಗ ನಿಮಗೆ ಎರಡು ಮಾತು. ಫರ್ಸಿ ಬೇಕಾದರೆ ಶಹಾಬಾದಿಗೇ ಬನ್ನಿ. ಬೆರಳಗೆಣ್ಣಿನಿಂದ ಬಡಿದು ನೋಡಿ, ಗಂಟೆಯಂಥ ದನಿ ಬಂದರೆ ಗಟ್ಟಿ ಕಲ್ಲು. ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿ, ನಾಚಿಕೊಳ್ಳಬೇಡಿ, ನಾನು ಕೊಟ್ಟ ರೇಟನ್ನು ಅಲ್ಲಿ ಯಾರಿಗೂ ಹೇಳಬೇಡಿ. ಮನೆಗೆ ಬಂದು ನೆಲ ಒರೆಸುವಾಗ ಮಾತ್ರ ಅರಿವೆ ಇಳಿಸುವ ಮೊದಲು ಒಂದು ಗಳಿಗೆ ನಿಲ್ಲಿ. ಒಲೆಯ ಕಡೆ ಮುಖ ಮಾಡಿದವರು ಬೇಳೆಯನ್ನೇ ನೋಡುತ್ತಿದ್ದಾರೆಂದು ತಿಳಿಯಬೇಡಿ.